ದತ್ತು ಬಂದ ಗಿಳಿ ಕೈಗೆ ಬರುವ ತನಕ: ಬಿಸಿಲು ನಾಡಿನ ಮನೆಗಳಿಗೆ

ವರ್ಗವಾಯಿತೆಂದೋ, ಮಗ ಹಾಸ್ಟೆಲಿಗೆ ಹೋದನೆಂದೋ, ಮನೆಯಲ್ಲಿ ಕೂಸು ಹುಟ್ಟಿತೆಂದೋ ಜನ ತಮ್ಮ ಗಿಳಿಯನ್ನು ಪಂಜರ ಸಮೇತ ಇನ್ನೊಬ್ಬರ ಮನೆಗೆ ದಾಟಿಸುತ್ತಾರೆ. ಪಡೆದವರು ಸಂಜೆಯೊಳಗೆ ಅದನ್ನು ಬೆರಳ ಮೇಲೆ ಕೂರಿಸಿ ಫೋಟೋ ತೆಗೆಯಬೇಕೆಂದು ಹೊರಡುತ್ತಾರೆ, ಕಚ್ಚಿಸಿಕೊಳ್ಳುತ್ತಾರೆ, ವಾರದೊಳಗೆ "ಇದು ಸಿಟ್ಟಿನ ಹಕ್ಕಿ" ಎಂದು ತೀರ್ಮಾನಿಸುತ್ತಾರೆ. ಹಕ್ಕಿಗೆ ಇರುವುದು ಸಿಟ್ಟಲ್ಲ, ಹೆದರಿಕೆ. ಹೆದರಿದ ಹಕ್ಕಿ ಎದುರಿಗೆ ಕಾಳಿದ್ದರೂ ತಿನ್ನುವುದಿಲ್ಲ. ಆದ್ದರಿಂದ ಪಳಗಿಸುವ ಕೆಲಸಕ್ಕೆ ಅಳತೆಗೋಲು ಒಂದೇ: ನೀವು ಎಷ್ಟು ದೂರದಲ್ಲಿದ್ದಾಗ ಅದು ಆರಾಮಾಗಿ ತಿನ್ನುತ್ತದೆ? ಅಲ್ಲಿಂದ ಶುರು ಮಾಡಿ, ಆ ದೂರವನ್ನು ಅದರ ಒಪ್ಪಿಗೆಯ ಮೇಲೆಯೇ ಕಡಿಮೆ ಮಾಡುತ್ತ ಬನ್ನಿ. ಮುಂದಿನ ಎಲ್ಲ ಹಂತಗಳೂ ಇದರ ಮೇಲೆಯೇ ನಿಂತಿವೆ.

ಮೊದಲು, ಯಾವ ಹಕ್ಕಿ ಎಂದು ನೋಡಿ

ಜೋಳ ಸೀತನಿಗೆ ಬಂದಾಗ ಹೊಲಕ್ಕೆ ಹಿಂಡಾಗಿ ಇಳಿಯುವ ಹಸಿರು ಗಿಳಿಯನ್ನು ಸಾಕುವಂತಿಲ್ಲ. ಕೊರಳಲ್ಲಿ ಗುಲಾಬಿ ಉಂಗುರದ ಗಿಳಿ, ಹೆಗಲ ಮೇಲೆ ಕೆಂಪು ಮಚ್ಚೆಯ ದೊಡ್ಡ ಗಿಳಿ, ತಲೆ ನೇರಳೆಗೆಂಪಾದ ಗಿಳಿ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. 2022ರ ತಿದ್ದುಪಡಿಯ ನಂತರ ಅವು 2ನೇ ಅನುಸೂಚಿಯಲ್ಲಿವೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಅಪರಾಧ. "ಸಂತೆಯಲ್ಲಿ ಸಿಗುತ್ತದಲ್ಲ", "ಗಿಣಿಶಾಸ್ತ್ರದವರ ಹತ್ತಿರ ಇದೆಯಲ್ಲ" ಎಂಬುದು ಕಾನೂನಿನ ಮುಂದೆ ನಿಲ್ಲುವ ಮಾತಲ್ಲ. ಗೂಡಿನಿಂದ ಬಿದ್ದ ಮರಿ ಸಿಕ್ಕಿದರೆ ಅರಣ್ಯ ಇಲಾಖೆಗೆ ಒಪ್ಪಿಸಿ.

ಮನೆಯಲ್ಲಿ ಸಾಕಬಹುದಾದವು ಹೊರದೇಶ ಮೂಲದ, ಪಂಜರದಲ್ಲೇ ಮರಿಯಾಗಿ ಬೆಳೆದ ಹಕ್ಕಿಗಳು: ಬಜ್ಜಿ (ನಮ್ಮ ಅಂಗಡಿಗಳಲ್ಲಿ "ಲವ್ ಬರ್ಡ್ಸ್" ಎಂದು ಕೊಡುವುದು ಹೆಚ್ಚಾಗಿ ಇದನ್ನೇ), ಕಾಕಟೀಲ್, ಲವ್‌ಬರ್ಡ್, ಸನ್ ಕನ್ಯೂರ್, ಆಫ್ರಿಕನ್ ಗ್ರೇ. ಇವುಗಳಲ್ಲಿ ಬಜ್ಜಿ, ಕಾಕಟೀಲ್, ಗುಲಾಬಿ ಮುಖದ ಲವ್‌ಬರ್ಡ್ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿಲ್ಲ. ಸನ್ ಕನ್ಯೂರ್, ಆಫ್ರಿಕನ್ ಗ್ರೇ ಆ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿರುವ ಹಕ್ಕಿ ನಿಮ್ಮ ಕೈಗೆ ಬಂದರೆ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ 30 ದಿನದೊಳಗೆ ನೋಂದಾಯಿಸಬೇಕು. ಕೊಡುವವರ ಹತ್ತಿರ ನೋಂದಣಿ ಪತ್ರ ಇದೆಯೇ ಎಂದು ಹಕ್ಕಿ ತರುವ ಮೊದಲೇ ಕೇಳಿ. ತಂದ ಮೇಲೆ ಕೇಳಿದರೆ ಅವರು ಫೋನ್ ಎತ್ತುವುದಿಲ್ಲ.

ಅದೇ ಮಾತಿನಲ್ಲಿ ಇನ್ನೂ ಕೆಲವು ಕೇಳಿ ಬರೆದುಕೊಳ್ಳಿ. ದಿನಾ ಏನು ತಿನ್ನುತ್ತಿತ್ತು, ಎಷ್ಟು ಹೊತ್ತಿಗೆ? ರಾತ್ರಿ ಎಷ್ಟಕ್ಕೆ ಮಲಗುತ್ತಿತ್ತು? ಅದರ ಹೆಸರೇನು, ಯಾವ ಸೀಟಿಗೆ ಉತ್ತರ ಕೊಡುತ್ತದೆ? ಯಾರನ್ನು ಕಂಡರೆ ಹೆದರುತ್ತದೆ: ಗಂಡಸರು, ಮಕ್ಕಳು, ಟೋಪಿ, ಪೊರಕೆ? ರೆಕ್ಕೆ ಕತ್ತರಿಸಿದ್ದಾರೆಯೇ? ಹಳೆಯ ಪಂಜರವನ್ನೂ ಅದು ಕೂರುವ ಕೊಂಬೆಯನ್ನೂ ತನ್ನಿ. ಹೊಸ ಪಂಜರ ಕೊಡಿಸುವ ಆಸೆಯಿದ್ದರೂ ಹಕ್ಕಿ ನಿಮ್ಮ ಕೈಯಿಂದ ತಿನ್ನುವವರೆಗೆ ತಡೆಯಿರಿ. ಮನೆ, ಜನ, ಪಂಜರ, ಆಹಾರ ನಾಲ್ಕೂ ಒಂದೇ ದಿನ ಬದಲಾದರೆ ಎಷ್ಟೋ ಹಕ್ಕಿಗಳು ತಿನ್ನುವುದನ್ನೇ ನಿಲ್ಲಿಸುತ್ತವೆ.

ಪಂಜರ ಮತ್ತು ಅದರ ಜಾಗ

ಒಂದು ಕಾಕಟೀಲಿಗೆ ಕನಿಷ್ಠ 24 ಇಂಚು ಉದ್ದ, 18 ಇಂಚು ಅಗಲ, 24 ಇಂಚು ಎತ್ತರ ಬೇಕು. ಸರಳುಗಳ ನಡುವೆ ಅರ್ಧ ಇಂಚು. ಮುಕ್ಕಾಲು ಇಂಚಾದರೆ ಕಾಕಟೀಲ್ ತಲೆ ತೂರಿಸಿ ಸಿಕ್ಕಿಹಾಕಿಕೊಳ್ಳುತ್ತದೆ. ಬಜ್ಜಿಗೆ ಅರ್ಧ ಇಂಚಿಗಿಂತ ಒಂದಿಷ್ಟೂ ಹೆಚ್ಚಿರಬಾರದು. ಕನ್ಯೂರ್‌ಗೆ ಇನ್ನೂ ದೊಡ್ಡದು, ಸರಳೂ ಗಟ್ಟಿ. ದುಂಡನೆಯ ಪಂಜರ ನೋಡಲು ಚಂದ, ಹಕ್ಕಿಗೆ ಮೂಲೆಯೇ ಇಲ್ಲದ್ದರಿಂದ ಅಡಗಲು ಜಾಗವಿಲ್ಲ. ಹೊಸ ತಂತಿ ಪಂಜರಕ್ಕೆ ಸತುವಿನ ಲೇಪ ಇರುತ್ತದೆ. ಬಿಳಿ ಪುಡಿಯಾಗಿ ಏಳುವ ಆ ಸತುವನ್ನು ಕಚ್ಚಿ ನುಂಗಿದರೆ ವಿಷ. ವಿನೆಗರ್ ಹಾಕಿ ಬ್ರಷ್‌ನಿಂದ ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ ಬಳಸಿ.

ಪಂಜರದ ಜತೆ ಬರುವ ನುಣುಪಾದ ಪ್ಲಾಸ್ಟಿಕ್ ಕೋಲು ತೆಗೆಯಿರಿ. ಎಲ್ಲೆಡೆ ಒಂದೇ ದಪ್ಪದ ಕೋಲಿನ ಮೇಲೆ ಕೂತರೆ ಪಾದದ ಒಂದೇ ಜಾಗ ಒತ್ತಿ ಹುಣ್ಣಾಗುತ್ತದೆ. ಬೇವು ಅಥವಾ ಪೇರಲದ ಕೊಂಬೆ, ಬಜ್ಜಿಗೆ ಕಿರುಬೆರಳಿನಷ್ಟು, ಕಾಕಟೀಲಿಗೆ ಹೆಬ್ಬೆರಳಿನಷ್ಟು ದಪ್ಪದ್ದು, ತೊಗಟೆ ಸಮೇತ ತೊಳೆದು ಒಣಗಿಸಿ ಹಾಕಿ. ಬೇಲಿಯ ಬಳ್ಳಾರಿ ಜಾಲಿ ಬೇಡ, ಮುಳ್ಳಿನ ಮೊಳೆ ಉಳಿದೇ ಇರುತ್ತದೆ. ಕಣಗಿಲವಂತೂ ಪೂರ್ತಿ ವಿಷ. ಹತ್ತಿ, ಮೆಣಸಿನ ಹೊಲದ ಬದುವಿನ ಮರದಿಂದಲೂ ಕೊಂಬೆ ತರಬೇಡಿ. ಹೊಲಕ್ಕೆ ಹೊಡೆದ ಎಣ್ಣೆ (ಕೀಟನಾಶಕ) ಎಲೆ ತೊಗಟೆಯ ಮೇಲೆ ಕೂತಿರುತ್ತದೆ.

ಜಾಗ: ಪಡಸಾಲೆಯಲ್ಲಿ ಒಂದು ಗೋಡೆಗೆ ಒತ್ತಿ, ನಿಮ್ಮ ಎದೆಯ ಎತ್ತರಕ್ಕೆ. ನಾಲ್ಕೂ ಕಡೆ ತೆರೆದಿದ್ದರೆ ಯಾವ ಕಡೆಯಿಂದ ಯಾರು ಬರುತ್ತಾರೆಂದು ಹಕ್ಕಿ ಇಡೀ ದಿನ ಕಾವಲು ಕಾಯುತ್ತದೆ. ನೆಲದ ಮೇಲಿಟ್ಟರೆ ಎಲ್ಲರೂ ಮೇಲಿನಿಂದ ಎರಗುವವರಂತೆ ಕಾಣುತ್ತಾರೆ. ಹೊರಗಿನ ಕಟ್ಟೆ ಬೇಡ: ಬೆಕ್ಕು, ಕಾಗೆ, ಆನೆಗೊಂದಿ ಹಂಪಿ ಕಡೆಯಾದರೆ ಕೋತಿ.

ಅಡುಗೆಮನೆಯೂ ಬೇಡ. ಒಗ್ಗರಣೆಯ ಹೊಗೆ ಮನುಷ್ಯನಿಗೆ ಕೆಮ್ಮು ತರಿಸಿದರೆ ಹಕ್ಕಿಗೆ ಉಸಿರೇ ಕಟ್ಟಿಸುತ್ತದೆ. ಎಲ್ಲಕ್ಕಿಂತ ಅಪಾಯದ್ದು ನಾನ್‌ಸ್ಟಿಕ್ ತವಾ. ಖಾಲಿ ತವಾ ಉರಿಯ ಮೇಲೆ ಮರೆತುಹೋಗಿ ಅತಿಯಾಗಿ ಕಾದರೆ ಅದರ ಲೇಪದಿಂದ ಏಳುವ ಹೊಗೆ ಪಕ್ಕದ ಕೋಣೆಯಲ್ಲಿರುವ ಹಕ್ಕಿಯನ್ನೂ ನಿಮಿಷಗಳಲ್ಲಿ ಕೊಲ್ಲುತ್ತದೆ. ಆ ಹೊಗೆ ನಿಮ್ಮ ಮೂಗಿಗೆ ಗೊತ್ತಾಗದೆಯೂ ಇರಬಹುದು. ರೊಟ್ಟಿ ಸುಡುವ ಕಬ್ಬಿಣದ ಹಂಚಿಗೆ ಈ ದೋಷವಿಲ್ಲ. ಗಿಳಿ ಇರುವ ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಇಡದಿರುವುದೇ ಮೇಲು. ಊದಿನಕಡ್ಡಿ, ಲೋಬಾನ, ಸೊಳ್ಳೆ ಬತ್ತಿ, ಸೆಂಟ್ ಸ್ಪ್ರೇ ಇವನ್ನೂ ಪಂಜರವಿರುವ ಕೋಣೆಯಿಂದ ದೂರವಿಡಿ. ಹಕ್ಕಿಯ ಶ್ವಾಸಕೋಶ ನಮ್ಮದಕ್ಕಿಂತ ಚುರುಕಾಗಿ ಗಾಳಿ ಹೀರುತ್ತದೆ, ವಿಷವನ್ನೂ ಅಷ್ಟೇ ಬೇಗ.

ನಿದ್ದೆ 10ರಿಂದ 12 ತಾಸು. ಪಡಸಾಲೆಯಲ್ಲಿ ರಾತ್ರಿ ಹನ್ನೊಂದರವರೆಗೆ ಟಿವಿ ನಡೆಯುವ ಮನೆಯಾದರೆ ಸಂಜೆ ಏಳೂವರೆಗೆ ಪಂಜರವನ್ನು ಒಳಕೋಣೆಗೆ ಸಾಗಿಸಿ. ನಿದ್ದೆಗೆಟ್ಟ ಗಿಳಿ ಕಚ್ಚುತ್ತದೆ, ಕಿರುಚುತ್ತದೆ. ಇದನ್ನು ತರಬೇತಿಯಿಂದ ಸರಿಮಾಡಲಾಗದು. ಕಾಕಟೀಲ್ ಕತ್ತಲಲ್ಲಿ ಬೆಚ್ಚಿ ಪಂಜರಕ್ಕೆ ಬಡಿದುಕೊಳ್ಳುವುದುಂಟು, ಅದಕ್ಕೊಂದು ಸಣ್ಣ ಬೆಡ್‌ಲ್ಯಾಂಪ್ ಉರಿಯಲಿ.

ಮೊದಲ ವಾರ

ಮೂರು ದಿನ ಏನೂ ಮಾಡಬೇಡಿ. ನೀರು, ಕಾಳು ಬದಲಿಸುವಾಗ ಮಾತ್ರ ಕೈ ಒಳಹೋಗಲಿ. ಪ್ರತಿ ಸಲವೂ ಅದೇ ಬಾಗಿಲಿನಿಂದ, ಅದೇ ಮಾತು ಹೇಳುತ್ತ, ನಿಧಾನ. ಉಳಿದ ಹೊತ್ತು ಪಂಜರದಿಂದ ಐದಾರು ಅಡಿ ದೂರ ಕೂತು ಪೇಪರ್ ಓದಿ, ಗಟ್ಟಿಯಾಗಿಯೇ ಓದಿ, ಸೊಪ್ಪು ಸೋಸಿ. ಎರಡೂ ಕಣ್ಣಿಂದ ನೇರ ದಿಟ್ಟಿಸಬೇಡಿ. ಬೇಟೆಯಾಡುವ ಪ್ರಾಣಿ ಮಾತ್ರ ಹಾಗೆ ನೋಡುತ್ತದೆ. ಓರೆಯಾಗಿ ಕೂತು ಆಗಾಗ ಕಣ್ಣು ನಿಧಾನಕ್ಕೆ ಮುಚ್ಚಿ ತೆರೆಯಿರಿ.

ಗಿಳಿ ಬಂದ ಸುದ್ದಿ ಓಣಿಗೆಲ್ಲ ಹಬ್ಬುತ್ತದೆ, ಮಕ್ಕಳು ಬಾಗಿಲಲ್ಲಿ ನಿಲ್ಲುತ್ತವೆ. ನಿಷ್ಠುರವಾದರೂ ಸರಿ, ಒಂದು ವಾರ ಯಾರನ್ನೂ ಪಂಜರದ ಹತ್ತಿರ ಬಿಡಬೇಡಿ.

ಈ ವಾರದಲ್ಲಿ ನಿಮ್ಮ ಕೆಲಸ ನೋಡುವುದು. ಅಡುಗೆ ಸಾಮಾನು ತೂಗುವ, 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಕೊಳ್ಳಿ. ಹಕ್ಕಿ ಕೈಗೆ ಬಂದ ಮೇಲೆ ದಿನಾ ಬೆಳಿಗ್ಗೆ ತಿನ್ನುವ ಮೊದಲು ತೂಗಿ ಬರೆಯಬೇಕು. ಬಜ್ಜಿ ಸಾಮಾನ್ಯವಾಗಿ 30–40 ಗ್ರಾಂ, ಕಾಕಟೀಲ್ 80–100, ಸನ್ ಕನ್ಯೂರ್ 100–120. ಹತ್ತರಲ್ಲೊಂದು ಪಾಲು ಇಳಿದರೆ ವೈದ್ಯರಿಗೆ ತೋರಿಸುವ ಹೊತ್ತು. ಹಿಕ್ಕೆಯಲ್ಲಿ ಮೂರು ಭಾಗ ಇರಬೇಕು: ಹಸಿರು ಅಥವಾ ಕಂದು ಸುರುಳಿ, ಬಿಳಿ ಸುಣ್ಣದಂಥದ್ದು, ಒಂದಿಷ್ಟು ನೀರು. ಮೈ ಉಬ್ಬಿಸಿ ಪಂಜರದ ತಳದಲ್ಲಿ ಕೂರುವುದು, ಪ್ರತಿ ಉಸಿರಿಗೂ ಬಾಲ ಮೇಲೆ ಕೆಳಗೆ ಆಡುವುದು, ಬಿಳಿ ಭಾಗ ಹಳದಿ ಅಥವಾ ಹಸಿರಾಗುವುದು ಕಂಡರೆ ನಾಳೆಗೆ ತಳ್ಳಬೇಡಿ. ಗಿಳಿ ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುತ್ತದೆ. ಹೊರಗೆ ಕಂಡಾಗ ಒಳಗೆ ಹಳತಾಗಿರುತ್ತದೆ. ಎಲ್ಲ ಪಶುವೈದ್ಯರೂ ಹಕ್ಕಿ ನೋಡುವುದಿಲ್ಲ, ನೋಡುವವರು ಯಾರೆಂದು ಮೊದಲ ವಾರದಲ್ಲೇ ವಿಚಾರಿಸಿಟ್ಟುಕೊಳ್ಳಿ.

ಮನೆಯಲ್ಲಿ ಬೇರೆ ಹಕ್ಕಿ ಇದ್ದರೆ ಹೊಸದನ್ನು 30 ದಿನ ಬೇರೆ ಕೋಣೆಯಲ್ಲಿಡಿ, ಹಳೆಯದಕ್ಕೆ ಮೊದಲು ಉಣಿಸಿ ಹೊಸದಕ್ಕೆ ಆಮೇಲೆ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ. ಗಿಳಿಗಳಿಂದ ಮನುಷ್ಯರಿಗೆ ಅಂಟುವ ಸಿಟಕೋಸಿಸ್ ಎಂಬ ಶ್ವಾಸಕೋಶದ ಜ್ವರ ಇಂಥ ಧೂಳಿನಲ್ಲೇ ಬರುತ್ತದೆ.

ಬಹುಮಾನ ಹುಡುಕುವುದು

ಹೊರದೇಶದವರು ಗಿಳಿ ಪಳಗಿಸಲು ಪ್ಯಾಕೆಟ್ಟಿನಲ್ಲಿ ಕೊಳ್ಳುವ "ಮಿಲೆಟ್ ಸ್ಪ್ರೇ" ಬೇರೇನಲ್ಲ, ನವಣೆ ತೆನೆ. ಆನ್‌ಲೈನಿನಲ್ಲಿ ದುಡ್ಡು ಸುರಿಯುವ ಮೊದಲು ಕೊಪ್ಪಳ, ರಾಯಚೂರು ಕಡೆಯ ಬೆಳೆಗಾರರನ್ನು ಕೇಳಿ. ಒಂದು ಕಟ್ಟು ಒಣ ತೆನೆ ತಿಂಗಳುಗಟ್ಟಲೆ ಬರುತ್ತದೆ. ಹುಳ ಸಾಯಲು ಮೂರು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕಿ. ಸಜ್ಜೆ ತೆನೆಯೂ ನಡೆಯುತ್ತದೆ.

ಆದರೆ ಯಾವುದು ಬಹುಮಾನ ಎಂದು ನಿರ್ಧರಿಸುವುದು ಹಕ್ಕಿ. ಬೆಳಿಗ್ಗೆ ಬಟ್ಟಲಲ್ಲಿ ನವಣೆ, ಸಜ್ಜೆ, ಸೂರ್ಯಕಾಂತಿ ಬೀಜ, ದಾಳಿಂಬೆ ಕಾಳು, ಉಪ್ಪಿಲ್ಲದ ಕಟಕ ರೊಟ್ಟಿಯ ಚೂರು ಒಟ್ಟಿಗೆ ಇಡಿ. ಮೂರು ಬೆಳಿಗ್ಗೆಯೂ ಯಾವುದಕ್ಕೆ ಮೊದಲು ಬಾಯಿ ಹಾಕುತ್ತದೋ ಅದೇ ಬಹುಮಾನ. ಗೊತ್ತಾದ ದಿನದಿಂದ ಅದು ಬಟ್ಟಲಲ್ಲಿ ಸಿಗಬಾರದು, ನಿಮ್ಮ ಕೈಯಿಂದ ಮಾತ್ರ ಸಿಗಬೇಕು. ಈ ಒಂದು ಬದಲಾವಣೆ ಮಾಡದೆ "ಕೈಯಿಂದ ಕೊಟ್ಟರೆ ತಿನ್ನುವುದಿಲ್ಲ" ಎಂದು ದೂರುವವರೇ ಹೆಚ್ಚು. ತುಂಬಿದ ಬಟ್ಟಲು ಪಕ್ಕದಲ್ಲಿರುವಾಗ ಹೆದರಿಕೆಯ ಕೈಗೆ ಯಾಕೆ ಬರಬೇಕು?

ಹಾಗೆಂದು ಹಸಿವಿನಿಂದ ಕೆಡವಬೇಡಿ. ಇಷ್ಟು ಸಣ್ಣ ಮೈಯಲ್ಲಿ ಕೂಡಿಟ್ಟ ಶಕ್ತಿ ಇರುವುದಿಲ್ಲ. ರಾತ್ರಿ ಕಳೆದ ಸಹಜ ಹಸಿವು ಸಾಕು: ಎದ್ದ ಮೇಲೆ, ಬಟ್ಟಲು ತುಂಬುವ ಮೊದಲು ಐದು ನಿಮಿಷ ಅಭ್ಯಾಸ, ಆಮೇಲೆ ಊಟ. ಸಂಜೆ ಊಟದ ಮೊದಲು ಇನ್ನೊಂದು ಸಲ.

ಪಂಜರದ ಹೊರಗಿನಿಂದ ಕೈವರೆಗೆ

ಒಂದು. ಏಳೆಂಟು ಇಂಚಿನ ತೆನೆಯ ತುದಿ ಸರಳಿನೊಳಗೆ ತೂರಿಸಿ ಸುಮ್ಮನೆ ನಿಲ್ಲಿ. ಹಕ್ಕಿ ಹಿಂದಕ್ಕೆ ಸರಿದರೆ ತೆನೆ ತಳ್ಳುತ್ತ ಹೋಗಬೇಡಿ, ನೀವೇ ಅರ್ಧ ಹೆಜ್ಜೆ ಹಿಂದೆ ಬನ್ನಿ. ಬಂದು ಕುಕ್ಕಿದರೆ ನಾಲ್ಕು ಕುಕ್ಕು ಕೊಟ್ಟು ನಿಲ್ಲಿಸಿ. ದಿನದಿಂದ ದಿನಕ್ಕೆ ತೆನೆಯನ್ನು ಗಿಡ್ಡ ಹಿಡಿಯುತ್ತ ಬನ್ನಿ, ಕೊನೆಗೆ ಅದರ ಕೊಕ್ಕಿಗೂ ನಿಮ್ಮ ಬೆರಳಿಗೂ ಒಂದಿಂಚು.

ಎರಡು. ಬಾಗಿಲು ತೆರೆದು, ತೆನೆ ಹಿಡಿದ ಕೈ ಬಾಗಿಲ ಅಂಚಿನಲ್ಲಿ. ಅದು ತಿಂದರೆ ಮರುದಿನ ಎರಡಿಂಚು ಒಳಗೆ. ಇಲ್ಲಿ ಆತುರಪಡುವವರು ಎಡವುತ್ತಾರೆ. ಕೈ ಪಂಜರದೊಳಗೆ ಹೋದರೆ ಹಕ್ಕಿಗೆ ಓಡಲು ಜಾಗವಿಲ್ಲ. ಆದ್ದರಿಂದ ಕೈ ಅದಕ್ಕಿಂತ ಕೆಳಗಿರಲಿ, ಮೇಲಿನಿಂದ ಎಂದೂ ಬರದಿರಲಿ.

ಮೂರು, ಕಡ್ಡಿ ಮುಟ್ಟುವ ಪಾಠ. ಒಂದಡಿ ಉದ್ದದ ಬಿದಿರ ಕಡ್ಡಿ ತೆಗೆದುಕೊಳ್ಳಿ. ಕೊಕ್ಕಿನಿಂದ ಎರಡಿಂಚು ಪಕ್ಕಕ್ಕೆ ತುದಿ ಹಿಡಿಯಿರಿ. ಗಿಳಿ ಕುತೂಹಲಕ್ಕಾದರೂ ಕೊಕ್ಕು ಚಾಚುತ್ತದೆ. ತಾಗಿದ ಆ ಕ್ಷಣದಲ್ಲೇ "ಭೇಷ್" ಎನ್ನಿ, ಒಂದು ಸೆಕೆಂಡಿನೊಳಗೆ ಕಾಳು ಕೊಡಿ. "ಭೇಷ್" ತಡವಾದರೆ ಅದು ಕಲಿಯುವುದು ಕಡ್ಡಿ ಮುಟ್ಟುವುದನ್ನಲ್ಲ, ಮುಟ್ಟಿ ತಲೆ ತಿರುಗಿಸುವುದನ್ನು. ಒಂದು ಪಾಠಕ್ಕೆ ಎಂಟು ಹತ್ತು ಸಲ ಸಾಕು. ಕಡ್ಡಿಯನ್ನು ಕಚ್ಚಿ ಬಿಡದಿದ್ದರೆ ಮುಟ್ಟಿದ ಕೂಡಲೇ ಕಾಳು ತೋರಿಸಿ, ತಾನೇ ಬಿಡುತ್ತದೆ. ಕಡ್ಡಿಗೇ ಹೆದರಿದರೆ ಎರಡು ದಿನ ಅದನ್ನು ಪಂಜರದ ಹೊರಗೆ ಕಾಣುವಂತೆ ಕಟ್ಟಿಡಿ.

ಇದು ಆಟದಂತೆ ಕಂಡರೂ ಉಳಿದ ಪಾಠಗಳ ಬೇರು ಇದು. ಕಡ್ಡಿ ಹೋದಲ್ಲಿ ಹಕ್ಕಿ ಬರುತ್ತದೆ. ಅದನ್ನು ಹಿಡಿಯದೆ, ತಳ್ಳದೆ ಪಂಜರದ ಒಂದು ಮೂಲೆಯಿಂದ ಇನ್ನೊಂದಕ್ಕೆ, ಬಾಗಿಲಿಗೆ, ತಕ್ಕಡಿಯ ಮೇಲಕ್ಕೆ ಕರೆದೊಯ್ಯಬಹುದು.

ನಾಲ್ಕು, ಬೆರಳೇರುವುದು. ತೋರುಬೆರಳನ್ನು ಕೊಂಬೆಯಂತೆ ಅಡ್ಡ ಚಾಚಿ, ಹಕ್ಕಿಯ ಕಾಲಿನ ಮುಂದೆ, ಪಾದಕ್ಕಿಂತ ತುಸು ಮೇಲೆ ಹಿಡಿಯಿರಿ. ಬೆರಳಿನಾಚೆ ಕಡ್ಡಿಯ ತುದಿ. ಕಡ್ಡಿ ಮುಟ್ಟಬೇಕಾದರೆ ಬೆರಳ ಮೇಲೆ ಕಾಲಿಡಲೇಬೇಕು. ಮೊದಲು ಒಂದೇ ಕಾಲಿಟ್ಟರೂ "ಭೇಷ್", ಕಾಳು. ಎರಡೂ ಕಾಲಿಟ್ಟ ಮೇಲೆ "ಹತ್ತು" ಎಂಬ ಮಾತು ಸೇರಿಸಿ, ಇಳಿಸುವಾಗ "ಇಳಿ". ಅಜ್ಜಿ "ಬಾ ಬಾ", ಮಗಳು "ಅಪ್", ನೀವು "ಹತ್ತು" ಎಂದರೆ ಹಕ್ಕಿಗೆ ಯಾವುದೂ ಹತ್ತುವುದಿಲ್ಲ, ಮನೆಮಂದಿ ಒಂದೇ ಮಾತು ಗೊತ್ತುಮಾಡಿಕೊಳ್ಳಿ. ಕೊಕ್ಕಿನಿಂದ ಬೆರಳನ್ನು ಒತ್ತಿ ನೋಡುವುದು ಕಚ್ಚುವುದಲ್ಲ, ಕೊಂಬೆ ಗಟ್ಟಿಯಿದೆಯೇ ಎಂಬ ಪರೀಕ್ಷೆ. ಆಗ ಬೆರಳು ಅಲುಗಿದರೆ ಆ ಕೊಂಬೆ ನಂಬಲಾಗದ್ದೆಂದು ಅದಕ್ಕೆ ಖಾತ್ರಿಯಾಗುತ್ತದೆ.

ಹೊಟ್ಟೆಗೆ ಬೆರಳೊತ್ತಿ ಹತ್ತಿಸುವ ಹಳೆಯ ವಿಧಾನ ಹಲವರು ಹೇಳಿಕೊಡುತ್ತಾರೆ. ಸಮತೋಲ ತಪ್ಪಿದ ಹಕ್ಕಿ ಹತ್ತುತ್ತದೆ, ನಿಜ. ಆದರೆ ಬೇರೆ ದಾರಿಯಿಲ್ಲದೆ ಹತ್ತಿದ್ದು. ಹೀಗೆ ಕಲಿತದ್ದು ಒಂದು ದಿನ ಬೆರಳು ಕಂಡ ಕೂಡಲೇ ಕಚ್ಚುತ್ತದೆ. ಟವೆಲ್ ಸುತ್ತಿ ಹಿಡಿದು ಸವರಿ ಪಳಗಿಸುವುದೂ ಇದೇ ಜಾತಿ.

ಪ್ರತಿ ಹಂತಕ್ಕೆ ಎಷ್ಟು ದಿನ? ಕೈಯಲ್ಲಿ ಉಣಿಸಿ ಬೆಳೆಸಿದ ಮರಿ ನಾಲ್ಕೂ ಹಂತವನ್ನು ಒಂದೆರಡು ವಾರದಲ್ಲಿ ದಾಟಬಹುದು. ನಾಲ್ಕೈದು ವರ್ಷ ಮೂಲೆಯಲ್ಲಿ ಬಿದ್ದಿದ್ದ ಹಕ್ಕಿಗೆ ಮೊದಲ ಹಂತಕ್ಕೇ ತಿಂಗಳು ಹಿಡಿಯಬಹುದು. ಎರಡೂ ಸರಿ. ಯಾವ ದಿನ ಅದು ತಿನ್ನುವುದನ್ನು ನಿಲ್ಲಿಸಿತೋ ಆ ದಿನ ಹಿಂದಿನ ಹಂತಕ್ಕೆ ಮರಳಿ.

ಅದರ ಮೈ ಹೇಳುವುದು

ಕಾಕಟೀಲಿನ ಜುಟ್ಟು ಓದಲು ಸುಲಭ. ನೆಟ್ಟಗೆ ನಿಂತರೆ ಬೆಚ್ಚಿದೆ ಅಥವಾ ಗಮನವಿಟ್ಟಿದೆ; ತಲೆಗೆ ಅಂಟಿ, ಬಾಯಿ ತೆರೆದು ಬುಸ್ ಎಂದರೆ ಇನ್ನೊಂದಿಂಚು ಬಂದರೆ ಕಚ್ಚುತ್ತೇನೆ ಎಂದು. ಅರ್ಧ ಬಾಗಿದ್ದರೆ ಆರಾಮ. ಜುಟ್ಟಿಲ್ಲದ ಹಕ್ಕಿಗಳಲ್ಲಿ ಗರಿ ನೋಡಿ: ಮೈಗೆ ಬಿಗಿಯಾಗಿ ಅಂಟಿ ಕತ್ತು ಉದ್ದವಾದರೆ ಹೆದರಿಕೆ, ಸಡಿಲ ಗರಿ, ಒಂದು ಕಾಲು ಮೇಲೆ, ಕೊಕ್ಕು ಮಸೆಯುವ ಕರಕರ ಸದ್ದು ಇದ್ದರೆ ನೆಮ್ಮದಿ. ಕಣ್ಣಪಾಪೆ ಪಟಪಟ ಕುಗ್ಗಿ ಹಿಗ್ಗುತ್ತಿದ್ದರೆ ಉದ್ವೇಗ, ಆಗ ಮುಟ್ಟಬೇಡಿ.

ತಲೆ ಬಗ್ಗಿಸಿ ಕತ್ತಿನ ಗರಿ ಉಬ್ಬಿಸಿದರೆ ತುರಿಸು ಎಂದು ಕೇಳುತ್ತಿದೆ. ಗರಿಯ ದಿಕ್ಕಿಗೆ ಎದುರಾಗಿ, ಹಗುರಾಗಿ, ತಲೆ ಮತ್ತು ಕೆನ್ನೆ ಮಾತ್ರ. ಬೆನ್ನು, ಬಾಲದ ಬುಡ, ರೆಕ್ಕೆಯ ಅಡಿ ಸವರಿದರೆ ಜೋಡಿಯಾಗುವ ಸೂಚನೆ ಕೊಟ್ಟಂತಾಗಿ ಹಕ್ಕಿ ಬೆದೆಗೆ ಬರುತ್ತದೆ. ಹೆಣ್ಣು ಮೇಲಿಂದ ಮೇಲೆ ಮೊಟ್ಟೆಯಿಟ್ಟು ಸೊರಗುತ್ತದೆ, ಗಂಡು ತನ್ನವರೆಂದುಕೊಂಡ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ಕಚ್ಚುತ್ತದೆ. ಅಂಗಡಿಯವರು ಪಂಜರದೊಳಗೆ ನೇತುಹಾಕಿ ಕೊಡುವ ಗಡಿಗೆಯೂ ಇದೇ ಕೆಲಸ ಮಾಡುತ್ತದೆ. ಅದು ಮಲಗುವ ಜಾಗವಲ್ಲ, ಮೊಟ್ಟೆಯಿಡುವ ಪೊಟರೆ. ಒಂಟಿ ಹಕ್ಕಿಗೆ ಗಡಿಗೆ ಬೇಡ, ತೆಗೆದುಹಾಕಿ.

ಹೊರಗೆ ಬಿಡುವ ಮೊದಲು

"ಹತ್ತು", "ಇಳಿ" ಎರಡೂ ಪಂಜರದೊಳಗೆ ನಿಸ್ಸಂಶಯವಾಗಿ ಬಂದ ಮೇಲೆ ಕೋಣೆಯಲ್ಲಿ ಬಿಡಬಹುದು. ಫ್ಯಾನ್ ನಿಂತಿರಬೇಕು, ಸ್ವಿಚ್ ಮೇಲೆ ಟೇಪ್ ಅಂಟಿಸಿ. ಕರೆಂಟು ಹೋದಾಗ ಹಾಕಿದ್ದು ಮರೆತು, ಬಂದ ಕೂಡಲೇ ತಿರುಗಿದ ಫ್ಯಾನಿಗೆ ಹಕ್ಕಿ ಸಿಕ್ಕುವುದೇ ಹೆಚ್ಚು. ಕೂಲರ್ ಕೂಡ. ಕಿಟಕಿ ಗಾಜು, ಕನ್ನಡಿಗೆ ಪರದೆ. ಮೂರು ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಊರುಗಳಲ್ಲಿ ಮನೆತುಂಬ ಡ್ರಮ್ಮು, ಕೊಡ, ತೊಟ್ಟಿ ಇರುತ್ತವೆ. ಒಂದಕ್ಕೂ ಮುಚ್ಚಳವಿಲ್ಲದೆ ಇರಕೂಡದು. ನೀರಿಗೆ ಬಿದ್ದ ಹಕ್ಕಿ ಏಳಲಾರದು.

ಪಂಜರಕ್ಕೆ ಮರಳಿಸುವಾಗ ಅಟ್ಟಿ ಹಿಡಿಯಬೇಡಿ. ಊಟದ ಹೊತ್ತಿಗೆ ಮುಂಚೆ ಬಿಟ್ಟು, ಬಟ್ಟಲ ಸದ್ದು ಮಾಡಿ ಒಳಗೆ ಕರೆಯಿರಿ. ಒಳಗೆ ಬಂದಾಗಲೆಲ್ಲ ಬಾಗಿಲು ಹಾಕುವುದೂ ತಪ್ಪು: ನಡುನಡುವೆ ಒಳಗೆ ಕರೆದು, ಕಾಳು ಕೊಟ್ಟು, ಮತ್ತೆ ಹೊರಗೆ ಬಿಡಿ.

ರೆಕ್ಕೆ ಕತ್ತರಿಸಿ ಬಂದ ಹಕ್ಕಿ ಹಾರಲಾರದೆಂದು ಬಾಗಿಲು ತೆರೆದಿಡುವವರಿದ್ದಾರೆ. ಗರಿ ಉದುರಿ ಹೊಸತು ಬಂದಾಗ ಯಾವ ಬೆಳಿಗ್ಗೆ ಹಾರುತ್ತದೆಂದು ಯಾರೂ ಹೇಳಲಾರರು, ಗಾಳಿ ಜೋರಿರುವ ಆಷಾಢದಲ್ಲಿ ಹಾರಿದರೆ ಸಿಗುವುದೂ ಇಲ್ಲ. ಬೆಳೆಯುತ್ತಿರುವ ಗರಿಯ ಬುಡದಲ್ಲಿ ರಕ್ತ ಇರುತ್ತದೆ. ಆಗ ಕತ್ತರಿ ಹಾಕಿದರೆ ಸುರಿಯುತ್ತದೆ. ನಮ್ಮ ಅಭಿಪ್ರಾಯದಲ್ಲಿ ಮತ್ತೆ ಕತ್ತರಿಸುವುದಕ್ಕಿಂತ ಕರೆದರೆ ಬರುವುದನ್ನು ಕಲಿಸುವುದು ಲೇಸು: ಒಂದು ಕುರ್ಚಿಯ ಬೆನ್ನಿನಿಂದ ಬೆರಳಿಗೆ ಒಂದಡಿ, ಆಮೇಲೆ ಎರಡಡಿ, ಹತ್ತಡಿವರೆಗೆ, ಪ್ರತಿ ಸಲವೂ "ಬಾ" ಮತ್ತು ಕಾಳು.

ಕಚ್ಚಿದರೆ, ಕಿರುಚಿದರೆ

ಕಚ್ಚಿದಾಗ ಕೂಗಿದರೆ ಗಿಳಿಗೆ ಅದೊಂದು ತಮಾಷೆ. ಕೈ ಝಾಡಿಸಿದರೆ, "ಕಚ್ಚಿದರೆ ಕೈ ದೂರ ಹೋಗುತ್ತದೆ" ಎಂದು ಕಲಿಯುತ್ತದೆ. ಕೊಕ್ಕಿಗೆ ಹೊಡೆದರೆ, ಮುಖಕ್ಕೆ ಊದಿದರೆ ಇಷ್ಟು ದಿನದ ನಂಬಿಕೆ ಹೋಯಿತು. ಮುಖದಲ್ಲಿ ಏನೂ ತೋರಿಸದೆ ಹತ್ತಿರದ ಕೊಂಬೆಯ ಮೇಲೆ ಇಳಿಸಿ, ಅರ್ಧ ನಿಮಿಷ ಬೆನ್ನು ತಿರುಗಿಸಿ. ನಂತರ ಯೋಚಿಸಿ: ಕಚ್ಚುವ ಮೊದಲು ಅದರ ಮೈ ಏನು ಹೇಳುತ್ತಿತ್ತು, ನೀವು ಯಾವುದನ್ನು ಲೆಕ್ಕಿಸಲಿಲ್ಲ?

ಬೆಳಿಗ್ಗೆ, ಸಂಜೆ ಹದಿನೈದು ನಿಮಿಷ ಗದ್ದಲ ಮಾಡುವುದು ಗಿಳಿಯ ಹುಟ್ಟುಗುಣ. ಸನ್ ಕನ್ಯೂರಿನದಂತೂ ಓಣಿ ದಾಟುತ್ತದೆ, ಗೋಡೆ ಹಂಚಿಕೊಂಡ ಮನೆಗಳಿಗೆ ಅದು ತಕ್ಕ ಹಕ್ಕಿಯಲ್ಲ. ನೀವು ಕೋಣೆಯಿಂದ ಹೋದ ಕೂಡಲೇ ಕಿರುಚಿದರೆ ಅದು "ಎಲ್ಲಿದ್ದೀ?" ಎಂಬ ಕೂಗು. ಕಿರುಚುವಾಗ ಓಡಿಬಂದರೆ ಕಿರುಚುವುದೇ ಕರೆಗಂಟೆಯಾಗುತ್ತದೆ. ಒಂದು ಸೀಟಿ ಗೊತ್ತುಮಾಡಿ, ಒಳಗಿನಿಂದಲೇ ಹಾಕಿ. ಅದು ಸೀಟಿಯಲ್ಲಿ ಉತ್ತರಿಸಿದಾಗ ಮಾತ್ರ ಬನ್ನಿ. ಬಟ್ಟೆ ಮುಚ್ಚಿ ಕತ್ತಲು ಮಾಡಿ ಶಿಕ್ಷಿಸುವುದರಿಂದ ಆ ಹೊತ್ತಿಗೆ ಸದ್ದು ನಿಲ್ಲುತ್ತದೆ, ನಿದ್ದೆಯ ಲೆಕ್ಕ ತಪ್ಪುತ್ತದೆ.

ಮಾತು ಕಲಿಸುವ ಆಸೆ ಎಲ್ಲರಿಗೂ. ಗಂಡು ಬಜ್ಜಿ ಸಣ್ಣ ದನಿಯಲ್ಲಿ ಬೇಗ ಕಲಿಯುತ್ತದೆ, ಗಂಡು ಕಾಕಟೀಲ್ ಮಾತಿಗಿಂತ ಸೀಟಿಯಲ್ಲಿ ಗಟ್ಟಿ, ಕನ್ಯೂರ್ ಒಂದೆರಡು ಮಾತು. ಗಿಳಿ ಕಲಿಯುವುದು ಸಂದರ್ಭದ ಜತೆ ಬರುವ ಮಾತನ್ನು: ಬಾಗಿಲು ತೆರೆದಾಗಲೆಲ್ಲ "ಬಂದ್ಯಾ?", ಬಟ್ಟಲು ಇಟ್ಟಾಗಲೆಲ್ಲ "ಊಟ ಆತೇನು?" ಎಂದರೆ ಸಾಕು. ಮೊಬೈಲಿನಲ್ಲಿ ಗಂಟೆಗಟ್ಟಲೆ ರೆಕಾರ್ಡ್ ಹಾಕಿದರೆ ಹೆಚ್ಚಿನವು ಅದನ್ನು ಗೋಡೆಯ ಸದ್ದಿನಂತೆ ಬಿಟ್ಟುಬಿಡುತ್ತವೆ. ನಾಲಿಗೆ ಕೆರೆಯುವುದು ಕ್ರೌರ್ಯ. ಮಕ್ಕಳಿಗೆ ಬಜೆ ನೆಕ್ಕಿಸಿದಂತೆ ಗಿಳಿಗೂ ನೆಕ್ಕಿಸುವ ಯೋಚನೆ ಬೇಡ.

ಊಟದ ವಿಷಯ

ಬರಿ ಸೂರ್ಯಕಾಂತಿ ಬೀಜದಲ್ಲಿ ಬೆಳೆದ ಹಕ್ಕಿ ಕೊಬ್ಬುತ್ತದೆ, ಎ ಜೀವಸತ್ವವಿಲ್ಲದೆ ಮೂಗು ಬಾಯಿ ಸೋಂಕಿಗೆ ತುತ್ತಾಗುತ್ತದೆ. ದಿನಕ್ಕೆ ಕಾಕಟೀಲಿಗೆ ಒಂದೂವರೆ ಟೇಬಲ್ ಚಮಚ, ಬಜ್ಜಿಗೆ ಎರಡು ಟೀ ಚಮಚ ಕಾಳು: ನವಣೆ, ಸಜ್ಜೆ, ಬಿಳಿಜೋಳ, ಭತ್ತ ಬೆರೆಸಿ. ಅದರ ಜತೆ ನುಗ್ಗೆ ಸೊಪ್ಪು, ಕ್ಯಾರೆಟ್, ಕುಂಬಳಕಾಯಿ, ಮೊಳಕೆ ಹೆಸರು. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ ಧಾರಾಳವಾಗಿ ಕೊಡಬಹುದು; ಖಾರದ ಅಂಶ ಹಕ್ಕಿಗಳ ನರಕ್ಕೆ ತಾಗುವುದೇ ಇಲ್ಲ. ಸಿರುಗುಪ್ಪ, ರಾಯಚೂರು ಕಡೆ ಮೆಣಸಿಗೆ ಔಷಧಿ ಹೊಡೆಯುವುದು ಗೊತ್ತಿದ್ದದ್ದೇ, ನೀರಲ್ಲಿ ನೆನೆಸಿ ತೊಳೆದೇ ಕೊಡಿ. ಶೇಂಗಾ ಕೊಡುವುದಾದರೆ ಒಂದೊಂದನ್ನು ಬಿಡಿಸಿ ನೋಡಿ. ಬೂಸರು ಹಿಡಿದ ಬೀಜದ ಅಫ್ಲಾಟಾಕ್ಸಿನ್ ಈಲಿ ಕೆಡಿಸುತ್ತದೆ.

ಬೆಣ್ಣೆಹಣ್ಣು, ಚಾಕಲೇಟು, ಚಹಾ, ಕಾಫಿ, ಈರುಳ್ಳಿ ಬೆಳ್ಳುಳ್ಳಿ ಬೇಡ. ಸಂಜೆಯ ಒಗ್ಗರಣಿ-ಮಿರ್ಚಿಯಲ್ಲಿ ಉಪ್ಪು ಎಣ್ಣೆ ಎರಡೂ ಹೆಚ್ಚು, ಒಂದು ಮಂಡಕ್ಕಿಯೂ ಬೇಡ. ಬಾಯಿಯಲ್ಲಿ ಅಗಿದು ಪ್ರೀತಿಯಿಂದ ತುತ್ತು ಕೊಡುವುದನ್ನು ಕಡ್ಡಾಯವಾಗಿ ನಿಲ್ಲಿಸಿ. ನಮ್ಮ ಎಂಜಲಿನ ಬ್ಯಾಕ್ಟೀರಿಯಾ ಅದರ ಹೊಟ್ಟೆಗೆ ಆಗದು.

ಮಾರ್ಚಿಯಿಂದ ಮಳೆ ಬೀಳುವ ತನಕ

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ತಿಂಗಳುಗಳಲ್ಲಿ ಪಾಠ ಬೆಳಿಗ್ಗೆ ಎಂಟರೊಳಗೆ, ಇಲ್ಲವೇ ದೀಪ ಹಚ್ಚಿದ ಮೇಲೆ. ತಗಡಿನ ಮನೆಯಾದರೆ ಮಧ್ಯಾಹ್ನ ಪಂಜರವನ್ನು ಮನೆಯ ತಂಪು ಮೂಲೆಗೆ ಇಳಿಸಿ. ಮಣ್ಣಿನ ಮಾಳಿಗೆಯ ಮನೆಯವರಿಗೆ ಈ ಕಷ್ಟ ಕಡಿಮೆ. ಕೂಲರಿನ ಗಾಳಿ ನೇರ ಬಡಿಯದಿರಲಿ. ಕರೆಂಟು ಹೋದರೆ ಕಿಟಕಿಗೆ ಒದ್ದೆ ಗೋಣಿಚೀಲ. ಅಗಲ ತಟ್ಟೆಯಲ್ಲಿ ಒಂದಿಂಚು ನೀರಿಟ್ಟರೆ ತಾನೇ ಮೀಯುತ್ತದೆ. ಕುಡಿಯುವ ನೀರು ದಿನಕ್ಕೆರಡು ಸಲ ಬದಲಾಗಲಿ, ಹೆಚ್ಚಿದ ತರಕಾರಿ ಎರಡು ತಾಸಿನ ಮೇಲೆ ಬಟ್ಟಲಲ್ಲಿ ಉಳಿಯದಿರಲಿ.

ಬಾಯಿ ತೆರೆದು ಏದುಸಿರು, ರೆಕ್ಕೆ ಮೈಯಿಂದ ದೂರ ಹಿಡಿದಿದ್ದರೆ ಸೆಕೆ ತಡೆಯಲಾಗುತ್ತಿಲ್ಲ. ತಂಪು ಕೋಣೆಗೆ ಒಯ್ದು, ಸಾದಾ ನೀರು ಸಿಂಪಡಿಸಿ, ಪಾದ ಒದ್ದೆ ಮಾಡಿ. ಐಸ್ ನೀರಿನಲ್ಲಿ ಅದ್ದಬೇಡಿ, ಆಘಾತಕ್ಕೇ ಸಾಯುತ್ತದೆ. ಹತ್ತು ನಿಮಿಷದಲ್ಲಿ ಬಾಯಿ ಮುಚ್ಚದಿದ್ದರೆ ವೈದ್ಯರ ಬಳಿಗೆ ಹೊರಡಿ.

ಹೊರಡಲು ಪೆಟ್ಟಿಗೆಯೂ ಬೇಕು, ಹಕ್ಕಿಗೆ ಅದರ ಪರಿಚಯವೂ ಬೇಕು. ಕಾಯಿಲೆಯ ದಿನ ಮೊದಲ ಸಲ ಹಿಡಿದು ತುರುಕಿದರೆ ಅರ್ಧ ಜೀವ ಅಲ್ಲೇ ಹೋಗುತ್ತದೆ. ಗಾಳಿಯಾಡುವ ಸಣ್ಣ ಪೆಟ್ಟಿಗೆಯನ್ನು ಪಂಜರದ ಪಕ್ಕ ವಾರ ಇಟ್ಟು, ಕಡ್ಡಿ ಹಿಡಿದು ಒಳಗೆ ಕರೆದು, ಕಾಳು ಕೊಟ್ಟು, ಹೊರಗೆ ಬಿಡಿ. ನಂತರ ಒಂದು ನಿಮಿಷ ಬಾಗಿಲು ಹಾಕಿ, ಆಮೇಲೆ ಎತ್ತಿಕೊಂಡು ಮನೆಯೊಳಗೆ ಒಂದು ಸುತ್ತು. ಕೂರುವ ಕೊಂಬೆ ತಳಕ್ಕೆ ಹತ್ತಿರವಿರಲಿ, ನೀರಿನ ಬಟ್ಟಲು ಚೆಲ್ಲುವುದರಿಂದ ಬದಲಿಗೆ ಸೌತೆಕಾಯಿ ತುಂಡು ಇಡಿ. ಬೇಸಿಗೆಯಲ್ಲಿ ಬಸ್ಸಿಗಾದರೆ ನಸುಕಿನ ಮೊದಲ ಬಸ್ಸು, ಎಂಜಿನ್ನಿನಿಂದ ದೂರದ ಸೀಟು, ಪೆಟ್ಟಿಗೆ ತೊಡೆಯ ಮೇಲೆ.